ತಿಕ್ಕಿ ತಿಕ್ಕಿ ಕೊಂದಿರಿ

ಬಟ್ಟೆಗೆ ಹತ್ತುತ್ತಿರುವ ಆ ಬೂದು ಬಣ್ಣ ಕೊಳೆ ಅಲ್ಲ ಸ್ವಾಮಿ, ನಿಮ್ಮ ಕಾರಿನ ಹೊಳಪೇ ಅದು. ಇಷ್ಟು ವರ್ಷ ಡ್ಯಾಶ್‌ಬೋರ್ಡಿನ ಮೇಲೆ ಕೂತಿದ್ದದ್ದು ಈಗ ನಿಮ್ಮ ಹುಡುಗನ ಕೈಯ ಕಾಟನ್ ವೇಸ್ಟಿಗೆ ಬಂದು ಸೇರಿದೆ. ಅದನ್ನು ಅಲ್ಲಿಂದ ಹಿಂಡಿ ತೆಗೆದು ಮತ್ತೆ ಅಂಟಿಸಲು ನಿಮ್ಮಪ್ಪನಾಣೆ ಯಾರಿಂದಲೂ ಆಗುವುದಿಲ್ಲ.

ಕಾರು ಪರಿಚಿತರೊಬ್ಬರದು, 1980ರ ದಶಕದ್ದು. ಯಾವ ಮಾಡೆಲ್ ಎಂದು ಹೇಳುವುದಿಲ್ಲ. ಹೇಳಿದರೆ ಮಾಲೀಕರು ಯಾರೆಂದು ಗೊತ್ತಾಗಿಬಿಡುತ್ತದೆ, ಅಂಥವು ಬೆಂಗಳೂರಿನಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಮಗಳ ಮದುವೆಗೆ ಕಾರು ಮಿಂಚಬೇಕು ಅಂತ ಗಾಜಿನ ಗೋಡೆಯ ಒಂದು ದೊಡ್ಡ ಡೀಟೇಲಿಂಗ್ ಅಂಗಡಿಗೆ ಬಿಟ್ಟಿದ್ದರು. ನಾವು ನೋಡಲು ಹೋದಾಗ ಹುಡುಗನೊಬ್ಬ ಮೀಟರಿನ ಸುತ್ತ ಇರುವ ಬೆಳ್ಳಿಯಂಚಿಗೆ ಲೋಹದ ಪಾಲಿಶ್ ಪೇಸ್ಟ್ ಹಚ್ಚಿ, ಹೆಬ್ಬೆರಳು ಊರಿ ತಿಕ್ಕುತ್ತಿದ್ದ. ಮೊದಮೊದಲು ಚೆನ್ನಾಗಿಯೇ ಕಂಡಿತು. ಮೇಲಿನ ಹಳದಿ ಹೋಗಿ ಒಳಗಿನ ಬೆಳ್ಳಿ ಫಳಫಳ ಅಂದಿತು. ಆಮೇಲೆ ಬಟ್ಟೆ ಬೂದಾಯಿತು, ಬೂದು ಹೋಗಿ ಕಪ್ಪಾಯಿತು. "ನೋಡಿ ಸಾರ್, ಎಷ್ಟು ವರ್ಷದ ಕೊಳೆ!" ಅಂದ ಹುಡುಗ, ಹೆಮ್ಮೆಯಿಂದ. ಅಷ್ಟರಲ್ಲಿ ಅಂಚಿನ ಏಣು ಇರುವ ಕಡೆ ದಾರದಷ್ಟು ಸಣ್ಣ ಕಪ್ಪು ಗೆರೆ ಬಿಟ್ಟುಕೊಂಡಿತು. ಅದನ್ನು ಅವನು ಬಿಡಿಸಲಾಗದ ಜಿಡ್ಡು ಅಂದುಕೊಂಡು ಇನ್ನೂ ಜೋರಾಗಿ ತಿಕ್ಕಿದ. ಗೆರೆ ಅಗಲವಾಯಿತು. ನಾವು ಬಾಯಿ ಬಿಟ್ಟು ನಿಲ್ಲಿಸು ಅನ್ನುವಷ್ಟರಲ್ಲಿ ಕಾಲುಭಾಗ ಅಂಚು ಬೋಳಾಗಿ, ಬಕೆಟ್ಟಿನ ಪ್ಲಾಸ್ಟಿಕ್ಕಿನಂತೆ ಕಪ್ಪಗೆ ಕೂತಿತ್ತು.

ಅಂಗಡಿಯ ಯಜಮಾನ ಬಂದು ಬಗ್ಗಿ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಡೂಪ್ಲಿಕೇಟ್ ಕ್ರೋಮ್ ಸಾರ್ ಅದು. ಒರಿಜಿನಲ್ ಆಗಿದ್ರೆ ಹೋಗ್ತಾನೇ ಇರ್ಲಿಲ್ಲ."

ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒರಿಜಿನಲ್ ಆಗಿದ್ದಕ್ಕೇ ಹೋದದ್ದು ಮಹಾರಾಯ! ಕಾರ್ಖಾನೆಯಿಂದ ಬಂದದ್ದೇ ಹಾಗೆ. ಅದು ಏನು, ಯಾವುದರಿಂದ ಆದದ್ದು, ಎಷ್ಟು ತೆಳು ಎಂದು ಕೇಳುವ ವ್ಯವಧಾನವೂ ಇಲ್ಲದೆ ಕೈ ಹಾಕಿ, ಹಾಳಾದ ಮೇಲೆ ಸತ್ತದ್ದನ್ನೇ ನಕಲಿ ಅನ್ನುವುದು ಯಾವ ಸೀಮೆಯ ನ್ಯಾಯ? ರಿಸ್ಟೋರೇಶನ್ ಅಂತ ಗಾಜಿನ ಮೇಲೆ ಒಂದಡಿ ಅಕ್ಷರದಲ್ಲಿ ಬರೆಸಿಕೊಂಡವರಿಗೆ ಇಷ್ಟೂ ತಿಳಿಯದಿದ್ದರೆ ಆ ಬೋರ್ಡು ಇಳಿಸಲಿ.

ತಿಳಿಯದವರಿಗಾಗಿ ಹೇಳುತ್ತೇನೆ, ಕೇಳಿ. ಹಳೆಯ ಕಾರುಗಳಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಹೊಳಪು ಮುಖ್ಯವಾಗಿ ಎರಡು ದಾರಿಯಲ್ಲಿ ಬಂದಿದೆ. ಒಂದು, ನಿಜವಾದ ಪ್ಲೇಟಿಂಗ್. ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಬ್ಯುಟಾಡೀನ್ ರಬ್ಬರಿನ ಸಣ್ಣ ಸಣ್ಣ ಗೋಲಿಗಳಿರುತ್ತವೆ. ಕ್ರೋಮಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯಲ್ಲಿ ಅದ್ದಿದರೆ ಮೇಲ್ಮೈಯ ಆ ಗೋಲಿಗಳು ಕರಗಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಕುಳಿಗಳು ಉಳಿಯುತ್ತವೆ. ಆ ಕುಳಿಗಳಲ್ಲಿ ಪಲ್ಲಾಡಿಯಂ ಕೂರಿಸಿ, ವಿದ್ಯುತ್ತಿಲ್ಲದೆಯೇ ನಿಕ್ಕಲ್ ಅಥವಾ ತಾಮ್ರದ ಮೊದಲ ಪದರ ಹಿಡಿಸುತ್ತಾರೆ. ಆಮೇಲೆ ವಿದ್ಯುತ್ ಹರಿಸಿ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಆ ಕ್ರೋಮಿಯಂ ಪದರ ಒಂದು ಮೈಕ್ರಾನಿನ ಅರ್ಧವೂ ಇರುವುದಿಲ್ಲ, ಆದರೆ ಕೆಳಗೆ ತಾಮ್ರ, ನಿಕ್ಕಲ್ ದಪ್ಪಗಿರುವುದರಿಂದ ಪೆಟ್ಟು ತಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ಇದಕ್ಕೆ ಮುಗಿಬಿದ್ದವು. ಸತುವಿನ ಎರಕದ ಬಿಡಿಭಾಗ ಭಾರ, ದುಬಾರಿ, ಸಾಲದ್ದಕ್ಕೆ ಒಳಗಿಂದ ಗುಳ್ಳೆ ಎದ್ದು ಹುಣ್ಣಾಗುತ್ತಿತ್ತು. ಪ್ಲಾಸ್ಟಿಕ್ ಹಗುರ, ಅಗ್ಗ. ಗ್ರಿಲ್, ಲೈಟಿನ ಸುತ್ತಿನ ಅಂಚು, ನಮ್ಮ ಸ್ಪೇರ್ಸ್ ಅಂಗಡಿಯವರು ಮೋನೋಗ್ರಾಂ ಅನ್ನುವ ಹೆಸರಿನ ಬಿಲ್ಲೆ, ಇವೆಲ್ಲ ಹೆಚ್ಚಾಗಿ ಈ ಜಾತಿ.

ಎರಡನೆಯದು ಡ್ಯಾಶ್‌ಬೋರ್ಡಿನ ಮೇಲಿರುವ ಕುಲ. ಗಾಳಿ ಹೀರಿ ತೆಗೆದ ಕೋಣೆಯೊಳಗೆ ಪ್ಲಾಸ್ಟಿಕ್ ಭಾಗಗಳನ್ನು ತೂಗುಹಾಕಿ ತಿರುಗಿಸುತ್ತಾರೆ. ನಡುವೆ ಟಂಗ್‌ಸ್ಟನ್ ತಂತಿ ಕಾದು, ಅದರ ಮೇಲಿಟ್ಟ ಅಲ್ಯೂಮಿನಿಯಂ ಚೂರು ಆವಿಯಾಗಿ, ಎದುರಿಗೆ ಸಿಕ್ಕಿದ್ದರ ಮೇಲೆ ಹೋಗಿ ಕೂರುತ್ತದೆ. ಅದರ ಮೇಲೆ ಒಂದು ಕೋಟು ಪಾರದರ್ಶಕ ಲ್ಯಾಕರ್. ಇದರಲ್ಲಿ ಕ್ರೋಮಿಯಂ ಅನ್ನುವುದು ಹೆಸರಿಗೂ ಇಲ್ಲ. ಅಲ್ಯೂಮಿನಿಯಂ ಪದರದ ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲಿನ ಆಸುಪಾಸು, ತಲೆಗೂದಲಿನ ದಪ್ಪದಲ್ಲಿ ನೂರಾರು ಪಾಲಿಗೆ ಒಂದು ಪಾಲು. ಅಷ್ಟು ಸಣ್ಣ ಪದರ ಕೈಗೆ, ಬೆವರಿಗೆ, ಬಿಸಿಲಿಗೆ ಉಳಿದಿರುವುದು ಮೇಲಿನ ಲ್ಯಾಕರಿನ ಪುಣ್ಯದಿಂದ. ವರ್ಷಗಟ್ಟಲೆ ಬಿಸಿಲು ತಿಂದು ಹಳದಿ ತಿರುಗುವುದೂ ಆ ಲ್ಯಾಕರೇ. ಜನ ಅದನ್ನು ಕೊಳೆ ಎನ್ನುತ್ತಾರೆ. ಪಾಲಿಶ್ ಪೇಸ್ಟ್ ಮೊದಲು ತಿನ್ನುವುದೂ ಅದನ್ನೇ. ಕಾವಲುಗಾರ ಸತ್ತ ಮೇಲೆ ಒಳಗಿನದನ್ನು ದೋಚಲು ಎಷ್ಟು ಹೊತ್ತು?

ಚಿನ್ನದ ನೀರು ಕುಡಿಸಿದ ಬಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು ಅನ್ನುವುದು ನಮ್ಮ ಮನೆಗಳಲ್ಲಿ ಹತ್ತು ವರ್ಷದ ಹುಡುಗಿಗೂ ಗೊತ್ತು. ಲಕ್ಷಗಟ್ಟಲೆ ಬಿಲ್ ಮಾಡುವ ಅಂಗಡಿಗೆ ಗೊತ್ತಿಲ್ಲ.

ಯಾವುದು ಯಾವ ಜಾತಿ ಎಂದು ತಿಳಿಯಲು ಲ್ಯಾಬೊರೇಟರಿ ಬೇಕಿಲ್ಲ. ಭಾಗವನ್ನು ಕಳಚಿ, ತಿರುವಿ ಹಾಕಿ ನೋಡಿ. ಆವಿಯ ಅಲ್ಯೂಮಿನಿಯಂ ನೇರ ದಾರಿಯಲ್ಲಷ್ಟೇ ಸಾಗುವುದರಿಂದ ಬೆನ್ನು ಸಾಮಾನ್ಯವಾಗಿ ಬೋಳು ಪ್ಲಾಸ್ಟಿಕ್. ಪ್ಲೇಟಿಂಗ್ ಆದದ್ದು ತೊಟ್ಟಿಯಲ್ಲಿ ಮುಳುಗಿ ಎದ್ದದ್ದು, ಬೆನ್ನಿಗೂ ಲೋಹ ಹತ್ತಿರುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮಲ್ಟಿಮೀಟರಿನ ಎರಡು ಮುಳ್ಳು ಮುಟ್ಟಿಸಿ: ಬೀಪ್ ಎಂದರೆ ಪ್ಲೇಟಿಂಗ್, ಸುಮ್ಮನಿದ್ದರೆ ಲ್ಯಾಕರಿನ ಕೆಳಗಿನ ಅಲ್ಯೂಮಿನಿಯಂ ಇರಬೇಕು. ಹಾಳಾಗುವ ರೀತಿಯೂ ಬೇರೆ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವುದು ಅದರ ಮೇಲಿನ ನಿಕ್ಕಲ್ಲಿಗಿಂತ ಐದಾರು ಪಟ್ಟು ಹೆಚ್ಚು. ಈ ಎಳೆದಾಟದಲ್ಲಿ ಪ್ಲೇಟಿಂಗ್ ಬಿರಿದು, ಬೆರಳು ಕುಯ್ಯುವಂಥ ಹಾಳೆಯಾಗಿ ಏಳುತ್ತದೆ. ಅಲ್ಯೂಮಿನಿಯಂ ಹಾಗೆ ಏಳುವುದಿಲ್ಲ, ಮಂಕಾಗುತ್ತದೆ, ಗೀರು ಬಿದ್ದಲ್ಲಿ ತಳದ ಬಣ್ಣ ತೋರಿಸುತ್ತದೆ. ಎರಡು ನಿಮಿಷದ ಪರೀಕ್ಷೆ ಇದು. ಆ ಎರಡು ನಿಮಿಷವನ್ನು ಯಾರೂ ಕೊಡುತ್ತಿಲ್ಲ.

ಹುಡುಗನ ಮೇಲೆ ನನಗೆ ಕೋಪವಿಲ್ಲ, ಇದನ್ನು ಬಿಡಿಸಿ ಹೇಳಿಬಿಡುತ್ತೇನೆ. ಊರಿಂದ ಬಂದು ಅಂಗಡಿಯ ಅಟ್ಟದ ಮೇಲೆ ಮಲಗುವ, ಸಂಬಳದ ದಿನ ಬಂದರೂ ಸಂಬಳ ಬರುತ್ತದೆಂಬ ನಂಬಿಕೆಯಿಲ್ಲದ ಹುಡುಗ ಅವನು. ಪೇಸ್ಟಿನ ಡಬ್ಬಿ ಕೊಟ್ಟು "ಹೊಳೀಬೇಕು" ಅಂದವರು ಯಾರು? ಹೊಳೆಸಿದ. ಅವನ ಯಜಮಾನ 'ಇಂಟೀರಿಯರ್ ಪ್ಯಾಕೇಜ್' ಅಂತ ಒಂದೇ ದರ ಹಾಕಿ, ನಿನ್ನೆ ಶೋರೂಮಿನಿಂದ ಬಂದ ಕಾರಿಗೂ ನಲವತ್ತು ವರ್ಷದ ಮುದುಕಿಗೂ ಒಂದೇ ಡಬ್ಬಿ, ಒಂದೇ ಬ್ರಶ್ಶು, ಒಂದೇ ಗಂಟೆ ಎಂದು ಹಂಚಿದವನು. ನಾನು ಕೇಳುವುದು ಅವನನ್ನು. ಇನ್ನೂ ಕೇಳಬೇಕಾದದ್ದು ಮಾಲೀಕರನ್ನು. ಬಾಡಿ ಪೇಂಟಿಗೆ ಕೇಳಿದಷ್ಟು ಎಣಿಸಿಕೊಡುತ್ತಾರೆ, ಚರ್ಮದ ಸೀಟಿಗೆ ಕೊಡುತ್ತಾರೆ, ಸದ್ದು ಮಾಡುವ ಸ್ಪೀಕರಿಗೆ ಕೊಡುತ್ತಾರೆ. ಡ್ಯಾಶಿನ ಬೆಳ್ಳಿಯಂಚಿನ ಮಾತು ಬಂದರೆ ಮಾತ್ರ "ಅದನ್ನೂ ಹಾಗೇ ಒಂದು ಕೈ ನೋಡಿಬಿಡಪ್ಪ" ಅನ್ನುತ್ತಾರೆ. ಬಿಟ್ಟಿ ಕೆಲಸಕ್ಕೆ ಬಿಟ್ಟಿ ಕೈಯೇ ಸಿಗುವುದು.

ನಿಜವಾಗಿ ಕೈಚಳಕ ಇರುವವರು ಎಲ್ಲಿದ್ದಾರೆ ಗೊತ್ತೇ? ಶಿವಾಜಿನಗರದ ಗುಜರಿ ಸಾಲಿನಲ್ಲಿ, ಜೆ.ಸಿ. ರಸ್ತೆಯ ಹಿಂದಿನ ಸಂದುಗಳಲ್ಲಿ, ಎಣ್ಣೆ ಕುಡಿದು ಕಪ್ಪಾದ ಬೆಂಚಿನ ಮುಂದೆ. ಪ್ಲಾಸ್ಟಿಕ್ ಕಿವಿಯನ್ನು ಮುರಿಯದೆ ಡ್ಯಾಶ್ ಬಿಚ್ಚಬಲ್ಲ ಮೇಸ್ತ್ರಿಯೊಬ್ಬರು ಮಾಡುವುದನ್ನು ನೋಡಿದ್ದೇನೆ. ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಬಿದಿರಿನ ಸೀಳನ್ನು ಚಪ್ಪಟೆಯಾಗಿ ಹೆರೆದು, ಒಂದೊಂದು ಕ್ಲಿಪ್ಪಿನ ಹತ್ತಿರ ಒಂದೊಂದು ಸೀಳು ಇಟ್ಟು, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಮೀಟುತ್ತಾರೆ. ಟಕ್ ಎಂಬ ಸದ್ದು ಬಂದರೆ ಕೈ ನಿಂತುಬಿಡುತ್ತದೆ, ಉಸಿರೂ ನಿಂತಂತೆ. ಹಳೆಯ ಎಬಿಎಸ್ ಬಿಸಿಲಿಗೆ ಬಿಸ್ಕತ್ತಿನಂತಾಗಿರುತ್ತದೆಂದು ಆ ಬೆರಳುಗಳಿಗೆ ಗೊತ್ತು. ಅವರ ಹತ್ತಿರ ಬೋರ್ಡೂ ಇಲ್ಲ, ಇನ್‌ಸ್ಟಾಗ್ರಾಂ ಖಾತೆಯೂ ಇಲ್ಲ. ಗಾಜಿನ ಗೋಡೆಯ ಅಂಗಡಿಯಲ್ಲಿ ಅದೇ ಕೆಲಸಕ್ಕೆ ಉದ್ದದ ಸ್ಕ್ರೂಡ್ರೈವರ್ ತುರುಕಿ ಒಂದೇ ಏಟಿಗೆ ಎಬ್ಬಿಸುತ್ತಾರೆ. ಮುರಿದ ಕಿವಿಗೆ ಫೆವಿಕ್ವಿಕ್. ಅದರ ಆವಿಯೋ, ಪಕ್ಕದ ಹೊಳಪಿನ ಮೇಲೆ ಬಿಳಿ ಮಂಜಿನಂತೆ ಕೂತು ಇನ್ನೊಂದು ಅನಾಹುತ.

ಇನ್ನು ಕ್ರೋಮ್ ಪ್ಲೇಟಿಂಗಿನವರ ಹತ್ತಿರ ಹೊತ್ತುಕೊಂಡು ಹೋಗುವ ಜಾಣರು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಯೆಜ್ಡಿ ಬೈಕಿನ ಸೈಲೆನ್ಸರ್ ಆದರೆ ಸರಿ, ಒಳಗಿರುವುದು ಉಕ್ಕು. ಹಳೆಯ ಪದರ ಕಿತ್ತು, ಬಫ್ ಹೊಡೆದು, ತೊಟ್ಟಿಗೆ ಇಳಿಸಿ ಮತ್ತೆ ಹೊಳೆಸಬಹುದು. ಪ್ಲಾಸ್ಟಿಕ್ಕನ್ನು ಅದೇ ಬಫಿಂಗ್ ಚಕ್ರಕ್ಕೆ ಒಡ್ಡಿದರೆ ಏನಾಗುತ್ತದೆ? ಎಬಿಎಸ್ ಸುಮಾರು ನೂರು ಡಿಗ್ರಿಗೆ ಮೆತ್ತಗಾಗುತ್ತದೆ, ಜೋರಾಗಿ ತಿರುಗುವ ಚಕ್ರದ ಕೆಳಗೆ ಅಷ್ಟು ಬಿಸಿ ಕ್ಷಣಮಾತ್ರದ ಮಾತು. ಅಂಚು ಕರಗಿ ಎಳೆದುಕೊಂಡು, ಅಕ್ಷರದ ಮೂಲೆಗಳು ಉರುಟಾಗಿ, ಮೋನೋಗ್ರಾಂ ಮಕ್ಕಳು ಚೀಪಿದ ಪೆಪ್ಪರ್‌ಮಿಂಟಿನಂತೆ ವಾಪಸ್ ಬರುತ್ತದೆ. ಪ್ಲಾಸ್ಟಿಕ್ಕಿನ ಹಳೆಯ ಪದರವನ್ನು ಬರೀ ರಸಾಯನದಿಂದ ಬಿಡಿಸಿ ಹೊಸದಾಗಿ ಪ್ಲೇಟಿಂಗ್ ಮಾಡುವವರು ಇದ್ದಾರೆ. ಆದರೆ ಅದು ಬೇರೆಯೇ ವಿದ್ಯೆ, ಬೇರೆಯೇ ತೊಟ್ಟಿಗಳ ಸಾಲು. ಬಂಪರಿಗೆ ಪ್ಲೇಟಿಂಗ್ ಮಾಡುವವರು "ಆಗುತ್ತೆ ಬಿಟ್ಟು ಹೋಗಿ" ಎಂದರೆ ನಂಬುವುದು ಯಾಕೆ?

ತೊಟ್ಟಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಆ ಹೊಳಪಿನ ಹಿಂದಿರುವುದು ಹೆಕ್ಸಾವಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಿಷ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಸಿಕ್ಕಿದೆ, ಪ್ಲೇಟಿಂಗ್ ಘಟಕಗಳ ಕಡೆಗೆ ಬೆರಳು ತೋರಿಸಿದ ಅಧ್ಯಯನಗಳು ಒಂದೆರಡಲ್ಲ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ಆ ತೊಟ್ಟಿಗಳಿಗೆ ಬೇಕಾದ ಕ್ರೋಮಿಯಂ ಟ್ರೈಆಕ್ಸೈಡನ್ನು ವಿಶೇಷ ಅನುಮತಿ ಇಲ್ಲದೆ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಅಲಂಕಾರದ ಪ್ಲೇಟಿಂಗಿನಲ್ಲಿ ಅದಕ್ಕೆ ಗಡುವು ವಿಧಿಸಿತು. ನೆಟ್ಟಗಿದ್ದ ಹಳೆಯ ಪದರವನ್ನು ಅಜಾಗರೂಕತೆಯಿಂದ ತಿಕ್ಕಿ ತೆಗೆದು, ಆಮೇಲೆ ಹೊಸದಕ್ಕಾಗಿ ಯಾರದೋ ಬೋರ್‌ವೆಲ್ಲಿಗೆ ವಿಷ ಸೇರಿಸುವುದು ನಿಮ್ಮ ಶೋಕಿಯ ಪೂರ್ತಿ ಬಿಲ್. ಅದರ ಅರ್ಧವನ್ನು ಪೀಣ್ಯದ ಬಾಡಿಗೆ ಮನೆಗಳವರು ಕಟ್ಟುತ್ತಿದ್ದಾರೆ.

ಕಾನೂನಿಗೂ 1980ರ ದಶಕದ ಈ ಕಾರುಗಳು ಕಾಣುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗಿದ್ದರೆ 'ವಿಎ' ಅಕ್ಷರದ ನಂಬರ್ ಪ್ಲೇಟು, ಮರ್ಯಾದೆ ಎಲ್ಲ. ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಕ್ರೋಮ್ ನಮ್ಮ ಕಾರುಗಳ ಒಳಗೆ ಮನೆ ಮಾಡಿದ ಕಾಲವನ್ನು ಲೆಕ್ಕ ಹಾಕಿ. 1984ರ ಕಾಂಟೆಸ್ಸಾ, 1985ರ ಪ್ರೀಮಿಯರ್ 118 ಎನ್‌ಇ, ಅದೇ ವರ್ಷದ ಸ್ಟ್ಯಾಂಡರ್ಡ್ 2000, ಯಾವುದಕ್ಕೂ ಇನ್ನೂ ಐವತ್ತು ಆಗಿಲ್ಲ. ಹದಿನೈದು ಮಾತ್ರ ಯಾವತ್ತೋ ಆಗಿಹೋಗಿದೆ. 2022ರ ಏಪ್ರಿಲಿನಲ್ಲಿ ಹದಿನೈದು ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಜಿಗಿಯಿತು. ಅತ್ತ ಪರಂಪರೆಯೂ ಅಲ್ಲ, ಇತ್ತ ಹೊಸದೂ ಅಲ್ಲ, ನಡುವೆ ಗುಜರಿ ನೀತಿ ಬಾಯಿ ತೆರೆದು ಕೂತಿದೆ. ಐವತ್ತನೇ ಹುಟ್ಟುಹಬ್ಬಕ್ಕೆ ಇವುಗಳಲ್ಲಿ ಎಷ್ಟು ಉಳಿದಿರುತ್ತವೆ? ಉಳಿದವುಗಳ ಡ್ಯಾಶಿನಲ್ಲಿ ಒರಿಜಿನಲ್ ಅಂಚು ಎಷ್ಟಿರುತ್ತದೆ? ನಿಯಮದಲ್ಲಿ ಅಂಚಿನ ಮಾತೇ ಇಲ್ಲವಲ್ಲ, ಚಾಸಿಸ್, ಬಾಡಿ, ಎಂಜಿನ್ ಸರಿಯಿದ್ದರೆ ಮುಗಿಯಿತು. ಅಂಬಾಸಿಡರ್ ಎಂಬ ಹೆಸರು 2017ರಲ್ಲಿ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋಗೆ ಮಾರಾಟವಾಯಿತು. ಹೆಸರಿಗೆ ಇಷ್ಟು ಬೆಲೆ ಕಟ್ಟಬಲ್ಲ ನಾವು, ಹಳೆಯ ಕಾರುಗಳ ಪ್ಲಾಸ್ಟಿಕ್ ಎರಕದ ಅಚ್ಚುಗಳು ಯಾವ ಗೋದಾಮಿನಲ್ಲಿವೆ, ಕಬ್ಬಿಣದ ತೂಕಕ್ಕೆ ಹೋದವೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಸರಿಪಡಿಸುವ ದಾರಿ ಇಲ್ಲವೆಂದಲ್ಲ. ಇದೆ, ಅದೂ ಪಕ್ಕದ ಬೀದಿಯಲ್ಲೇ. ಅದಕ್ಕೇ ಹೊಟ್ಟೆ ಉರಿಯುವುದು. ಶಾಲೆಯ ಆಟೋಟದಲ್ಲಿ ಕೊಡುವ ಪ್ಲಾಸ್ಟಿಕ್ ಕಪ್ಪು, ಸೆಂಟಿನ ಬಾಟಲಿಯ ಮುಚ್ಚಳ, ಹೆಡ್‌ಲೈಟಿನ ಒಳಗಿನ ಪ್ರತಿಫಲಕ, ಇವೆಲ್ಲ ಹೊಳೆಯುವುದು ಅದೇ ನಿರ್ವಾತ ಕೋಣೆಯ ಅಲ್ಯೂಮಿನಿಯಂ ಆವಿಯಿಂದ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಕಾವಲೂರು ವೀಕ್ಷಣಾಲಯದಲ್ಲಿ 2.34 ಮೀಟರ್ ಅಗಲದ ದೂರದರ್ಶಕದ ಕನ್ನಡಿ ಇದೆ. ನಕ್ಷತ್ರದ ಬೆಳಕು ಹಿಡಿಯುವ ಅದರ ಮೈಗೂ ಇದೇ ವಿಧಾನದಲ್ಲಿ ಅಲ್ಯೂಮಿನಿಯಂ ಹಿಡಿಸುತ್ತಾರೆ. ಪದರ ಹಳತಾದರೆ ಕನ್ನಡಿ ಇಳಿಸಿ, ಹಳೆಯದನ್ನು ರಸಾಯನದಿಂದ ತೊಳೆದು, ಹೊಸದಾಗಿ ಹಿಡಿಸುವುದು ಅವರ ಕ್ರಮ. ಪೇಸ್ಟ್ ಹಚ್ಚಿ ತಿಕ್ಕಿದರೆ ಹೊಳೆಯಬಹುದಲ್ಲ ಎಂದು ಅಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಹಾಗಾಗಿ ಹೊಳಪು ಪೂರ್ತಿ ಹೋದ ಅಂಚನ್ನು ಕಳಚಿ, ಹಳೆಯ ಲ್ಯಾಕರ್ ಮತ್ತು ಲೋಹದ ಚೂರು ತೆಗೆದು, ಗೀರು ತುಂಬಿ, ನುಣುಪಾದ ತಳದ ಕೋಟು ಕೊಟ್ಟು ಈ ಆವಿಯ ಕೆಲಸಕ್ಕೆ, ಅಂದರೆ ಮೆಟಲೈಸಿಂಗಿಗೆ ಕಳಿಸಬಹುದು. ತೊಂದರೆ ಒಂದೇ. ಮೆಟಲೈಸಿಂಗಿನವರು ಸಾವಿರಗಟ್ಟಲೆ ಮುಚ್ಚಳ ಮಾಡುವವರು, ನಿಮ್ಮ ಒಂದು ಅಂಚಿಗೆ ಕೋಣೆ ಖಾಲಿ ಮಾಡುವುದಿಲ್ಲ. ಹತ್ತು ಜನ ಮಾಲೀಕರು ಸೇರಿ ಒಟ್ಟಿಗೆ ಕಳಿಸಿದರೆ? ಕಾರ್ ಕ್ಲಬ್ಬುಗಳು ಭಾನುವಾರ ಬೆಳಿಗ್ಗೆ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ ಇದನ್ನೂ ಮಾಡಬಹುದಲ್ಲ? ಗೀರು ಸಣ್ಣದಿದ್ದು, ಕೈ ತಾಗದ ಜಾಗವಾದರೆ ಕ್ರೋಮ್ ಇಂಕಿನ ಪೆನ್ನು ಸಾಕು. ಕೈ ತಾಗುವ ಕಡೆ ಅದು ನಿಲ್ಲದು, ಮೇಲೆ ವಾರ್ನಿಶ್ ಬಳಿದರೆ ಹೊಳಪು ಸತ್ತು ಬೂದಾಗುತ್ತದೆ. ಅಂಟಿಸುವ ಲೋಹದ ತೆಳುಹಾಳೆ ನೇರ ಅಂಚಿಗೆ ಒಗ್ಗುತ್ತದೆ, ಬಾಗಿದ ಕಡೆ ಸುಕ್ಕಾಗುತ್ತದೆ. ಸಿಲ್ವರ್ ನೈಟ್ರೇಟ್ ಸಿಂಪಡಿಸಿ ಕನ್ನಡಿಯಂತೆ ಮಾಡುವ 'ಸ್ಪ್ರೇ ಕ್ರೋಮ್' ಮೊದಲ ದಿನ ಕಣ್ಣು ಕುಕ್ಕುತ್ತದೆ. ನನಗೆ ಅದರ ಮೇಲೆ ವಿಶ್ವಾಸವಿಲ್ಲ, ಬೆಳ್ಳಿ ಯಾವತ್ತಿದ್ದರೂ ಹಳದಿ ತಿರುಗುವ ಜಾತಿ.

ಇವಕ್ಕೆಲ್ಲ ಮುಂಚಿನ ಮದ್ದು ಇನ್ನೂ ಅಗ್ಗ. ಮೆತ್ತನೆ ಹತ್ತಿಬಟ್ಟೆ, ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಶಾಂಪೂ. ಒತ್ತಬಾರದು. ಬ್ಲೀಚು, ಎಂಜಿನ್ ತೊಳೆಯುವ ಕಾರದ ನೀರು ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಕ್ಷಾರಕ್ಕೆ ಕರಗಿಹೋಗುವ ಲೋಹ. ಆಟಿಕೆ ಕಾರಿನ ಹೊಳಪು ತೆಗೆಯಲು ಮಾಡೆಲ್ ಕಟ್ಟುವವರು ಬ್ಲೀಚಿನಲ್ಲೇ ಮುಳುಗಿಸಿಡುತ್ತಾರೆ. ತೊಳೆದ ಮೇಲೂ ಸ್ವಲ್ಪ ಮಂಕು ಉಳಿಯಿತೇ? ಉಳಿಯಲಿ ಬಿಡಿ! ನಲವತ್ತು ವರ್ಷದ ವಸ್ತು ನಲವತ್ತು ವರ್ಷದಂತೆ ಕಂಡರೆ ಮದುವೆ ಮನೆಯಲ್ಲಿ ಯಾರ ಮಾನ ಹೋಗುತ್ತದೆ?

ಕೊನೆಯದಾಗಿ ಆ ಅಂಗಡಿಯ ಕಸದ ಬುಟ್ಟಿಯ ವಿಷಯ. ಮೇಲೆ ಹೇಳಿದ ಅಂಗಡಿಯವನು ತಪ್ಪು ಮುಚ್ಚಲು ಅಂಚನ್ನೇ ಕಿತ್ತು, ಮುರಿದು, ಎಸೆದು, ಅದರ ಜಾಗಕ್ಕೆ ಮಿಂಚುವ ಟೇಪ್ ಅಂಟಿಸಿ ಕೊಟ್ಟ. ಟೇಪಿಗೂ ಬಿಲ್ ಹಾಕಿದ. ಎಸೆದ ಚೂರು ಕೇಳಿದರೆ ಪಾಲಿಕೆಯ ಗಾಡಿ ಬೆಳಿಗ್ಗೆಯೇ ಒಯ್ದಿತು ಎಂದ. ಆ ಚೂರು ಇದ್ದಿದ್ದರೆ ಸಿಲಿಕೋನ್ ಅಚ್ಚು ತೆಗೆಯಬಹುದಿತ್ತು. ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ತೆಗೆದು, ಉಜ್ಜಿ ನುಣುಪು ಮಾಡಿ, ಮೆಟಲೈಸಿಂಗಿಗೆ ಕಳಿಸಬಹುದಿತ್ತು. ಅದೇ ಮಾಡೆಲಿನ ಇನ್ನೂ ಹತ್ತು ಕಾರಿಗೆ ಅದರಿಂದಲೇ ಅಂಚು ಹುಟ್ಟಬಹುದಿತ್ತು. ಅಚ್ಚು ಸಿಗದ ಕಾರಿಗೆ ಮುರಿದ ಚೂರೇ ಅಚ್ಚು ಎಂಬುದು ತಲೆಗೆ ಹೋಗದವನ ಕೈಗೆ ಬೀಗದ ಕೈ ಕೊಡುವುದಾದರೂ ಹೇಗೆ?

ಹಳೆಯ ಕಾರು ಇಟ್ಟುಕೊಂಡವರೇ, ಮುಂದಿನ ಸಲ ಯಾವ ಅಂಗಡಿಗೆ ಹೋದರೂ ಬೀಗದ ಕೈ ಕೊಡುವ ಮುಂಚೆ ಜಾಬ್ ಕಾರ್ಡ್ ಎಳೆದುಕೊಳ್ಳಿ. ನಿಮ್ಮದೇ ಕೈಯಲ್ಲಿ, ದೊಡ್ಡಕ್ಷರದಲ್ಲಿ ಬರೆಯಿರಿ: ಬೆಳ್ಳಿ ಬಣ್ಣದ ಯಾವ ಭಾಗಕ್ಕೂ ಪೇಸ್ಟ್ ಹಾಕುವಂತಿಲ್ಲ, ಕಳಚುವ ಮುಂಚೆ ಫೋನ್ ಮಾಡತಕ್ಕದ್ದು, ತೆಗೆದ ಪ್ರತಿಯೊಂದು ಚೂರೂ, ಮುರಿದದ್ದೂ ಸೇರಿ, ಕವರಿನಲ್ಲಿ ಹಾಕಿ ವಾಪಸ್ ಕೊಡತಕ್ಕದ್ದು. ಯಜಮಾನನ ಸಹಿ ಹಾಕಿಸಿ. "ಅಷ್ಟೆಲ್ಲಾ ಯಾಕೆ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ" ಅಂದರೆ ಇಲ್ಲ ಅನ್ನಿ. ಸಹಿ ಹಾಕದಿದ್ದರೆ ರಿವರ್ಸ್ ಗೇರ್ ಹಾಕಿ.